ಗ್ಲೂಕೋಸ್ ಮಾಪನದಲ್ಲಿ ಲೋಹದ ನ್ಯಾನೊಕಣಗಳು

ಗ್ಲೂಕೋಸನ್ನು ವಿದ್ಯುದ್ರಾಸಾಯನಿಕವಾಗಿ ಅಳೆಯುವ ವಿಧಾನಕ್ಕೆ 1962ರಲ್ಲಿ ಲೇಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಿಯಾನ್ಸ್ ಅಡಿಪಾಯ ಹಾಕಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುದ್ವಾರದ ಮೇಲೆ ಪೊರೆಯೊಳಗೆ ಹಿಡಿದಿಟ್ಟು, ಕ್ರಿಯೆಯಲ್ಲಿ ವ್ಯಯವಾದ ಆಕ್ಸಿಜನ್ನಿನಿಂದ ಗ್ಲೂಕೋಸಿನ ಪ್ರಮಾಣವನ್ನು ಗಣಿಸುವುದು ಅವರ ಕ್ರಮ. ಮುಂದೆ, ಕ್ರಿಯೆಯಲ್ಲಿ ಉತ್ಪನ್ನವಾಗುವ ಹೈಡ್ರೊಜನ್ ಪೆರಾಕ್ಸೈಡನ್ನೇ ಪ್ಲಾಟಿನಂ ವಿದ್ಯುದ್ವಾರದ ಮೇಲೆ ಉತ್ಕರ್ಷಿಸಿ ಪ್ರವಾಹವನ್ನು ಅಳೆಯುವ ಮಾರ್ಗ ರೂಢಿಗೆ ಬಂದಿತು. ಆದರೆ ಇದಕ್ಕೆ ಬೇಕಾಗುವ ಸುಮಾರು 0.6 ವೋಲ್ಟ್ ವಿಭವದಲ್ಲಿ ರಕ್ತದಲ್ಲಿನ ಯೂರಿಕ್ ಆಮ್ಲ, ಆಸ್ಕಾರ್ಬಿಕ್ ಆಮ್ಲ, ರೋಗಿ ಸೇವಿಸಿದ ಪ್ಯಾರಸಿಟಮಾಲ್ ಇವೂ ಉತ್ಕರ್ಷಣಗೊಂಡು ಪ್ರವಾಹವನ್ನು ಹೆಚ್ಚಿಸುತ್ತವೆ. ಹೀಗೆ ಹುಸಿಯಾಗಿ ಏರಿದ ಅಂಕಿಯನ್ನು ನಂಬಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಇನ್ನೊಂದು ತೊಡಕು ಕಿಣ್ವದ ರಚನೆಯಲ್ಲೇ ಇದೆ. ಅದರ ಕ್ರಿಯಾಕೇಂದ್ರವಾದ ಎಫ್.ಎ.ಡಿ. ಪ್ರೋಟೀನಿನ ಆಳದಲ್ಲಿ ಹುದುಗಿರುವುದರಿಂದ ಎಲೆಕ್ಟ್ರಾನುಗಳು ನೇರವಾಗಿ ಲೋಹವನ್ನು ತಲುಪಲಾರವು.

ನ್ಯಾನೊಕಣಗಳ ಪ್ರವೇಶ ಇಲ್ಲಿಯೇ. 1 ಗ್ರಾಂ ಚಿನ್ನದ ಘನಾಕೃತಿಯ ಮೇಲ್ಮೈ 1 ಚದರ ಸೆಂಟಿಮೀಟರಿಗೂ ಕಡಿಮೆ. ಅಷ್ಟೇ ಚಿನ್ನವನ್ನು 10 ನ್ಯಾನೊಮೀಟರ್ ವ್ಯಾಸದ ಗೋಳಗಳಾಗಿಸಿದರೆ ಸುಮಾರು 31 ಚದರ ಮೀಟರ್. ಇಂಗಾಲದ ವಿದ್ಯುದ್ವಾರದ ಮೇಲೆ ಪ್ಲಾಟಿನಂ ಕಣಗಳನ್ನು ಹರಡಿದಾಗ ಪೆರಾಕ್ಸೈಡು ಬರಿಯ ಇಂಗಾಲದ ಮೇಲಿಗಿಂತ ಬಹಳ ಕಡಿಮೆ ವಿಭವದಲ್ಲಿಯೇ ಉತ್ಕರ್ಷಣಗೊಳ್ಳುತ್ತದೆ. 2003ರಲ್ಲಿ ಜೆರುಸಲೇಮಿನ ಇತಾಮಾರ್ ವಿಲ್ನರ್ ಮತ್ತು ಸಂಗಡಿಗರು ಇನ್ನೂ ಚತುರವಾದ ಉಪಾಯವನ್ನು ಪ್ರಕಟಿಸಿದರು. 1.4 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಕ್ಕೆ ಎಫ್.ಎ.ಡಿ.ಯನ್ನು ಜೋಡಿಸಿ, ಅದರ ಸುತ್ತ ಕಿಣ್ವವನ್ನು ಪುನಾರಚಿಸಿದರು. ಕಣವು ಒಳಗಿನ ಕೇಂದ್ರಕ್ಕೂ ವಿದ್ಯುದ್ವಾರಕ್ಕೂ ನಡುವೆ ತಂತಿಯಂತಾಯಿತು. ಸಹಜ ಸ್ಥಿತಿಯಲ್ಲಿ ಆಕ್ಸಿಜನ್ನಿಗೆ ಸೆಕೆಂಡಿಗೆ ಸುಮಾರು 700 ಇದ್ದ ಎಲೆಕ್ಟ್ರಾನ್ ವರ್ಗಾವಣೆಯ ದರ ಇಲ್ಲಿ ಸುಮಾರು 5,000ಕ್ಕೆ ಏರಿತು.

ಕಿಣ್ವವು ಶಾಖಕ್ಕೂ ಆಮ್ಲೀಯತೆಗೂ ಬೇಗ ಕೆಡುವುದರಿಂದ ಅದನ್ನೇ ಕೈಬಿಡುವ ಪ್ರಯತ್ನವೂ ವಿಪುಲವಾಗಿ ನಡೆದಿದೆ. ನಿಕ್ಕಲ್ ಕಣದ ಮೇಲ್ಮೈಯಲ್ಲಿ ಹೈಡ್ರಾಕ್ಸೈಡು ಆಕ್ಸಿಹೈಡ್ರಾಕ್ಸೈಡಾಗಿ, ಅದು ಗ್ಲೂಕೋಸನ್ನು ಉತ್ಕರ್ಷಿಸಿ ಮೊದಲಿನ ರೂಪಕ್ಕೆ ಮರಳುತ್ತದೆ. ತಾಮ್ರದ ವರ್ತನೆಯೂ ಬಹುಮಟ್ಟಿಗೆ ಹೀಗೆಯೇ. ಸಂವೇದನಶೀಲತೆಯ ಅಂಕಿಗಳು ಬೆರಗು ಹುಟ್ಟಿಸುತ್ತವೆ. ಆದರೆ ಈ ಚಕ್ರಕ್ಕೆ ಪ್ರಬಲ ಕ್ಷಾರ ಬೇಕು. ಪ್ರಯೋಗಗಳು ಸಾಮಾನ್ಯವಾಗಿ ನಡೆಯುವ ಸೋಡಿಯಂ ಹೈಡ್ರಾಕ್ಸೈಡು ದ್ರಾವಣದ ಪಿ.ಎಚ್. ಸುಮಾರು 13, ರಕ್ತದ್ದು 7.4. ತಟಸ್ಥ ಮಾಧ್ಯಮದಲ್ಲಿ ದುಡಿಯಬಲ್ಲ ಪ್ಲಾಟಿನಂ, ಚಿನ್ನಗಳ ಮೇಲ್ಮೈಗೆ ರಕ್ತದಲ್ಲಿನ ಕ್ಲೋರೈಡ್ ಅಯಾನುಗಳು ಅಂಟಿಕೊಂಡು ಕ್ರಿಯೆಯನ್ನು ಕುಂಠಿತಗೊಳಿಸುತ್ತವೆ. ಕ್ಷಾರದಲ್ಲಿ ದೊರೆತ ಫಲಿತಾಂಶವನ್ನು ಮಧುಮೇಹಿಗೆ ಸಿದ್ಧವಾದ ಸಾಧನವೆಂದು ಬಣ್ಣಿಸುವ ಪರಿಪಾಠ ಈ ಲೇಖಕನಿಗೆ ಸಮ್ಮತವಲ್ಲ. 2013ರ ಐ.ಎಸ್.ಓ. 15197 ಮಾನಕದ ಪ್ರಕಾರ, ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕೆಳಗಿನ ಮಟ್ಟದಲ್ಲಿ ಶೇ. 95ರಷ್ಟು ಅಳತೆಗಳು 15 ಮಿಲಿಗ್ರಾಂ ವ್ಯತ್ಯಾಸದೊಳಗೆ ಇರಬೇಕು. ಹೊಸ ವಿದ್ಯುದ್ವಾರಗಳು ದಾಟಬೇಕಾದುದು ಈ ಗೆರೆಯನ್ನು, ಅದೂ ನೀರು ಬೆರೆಸದ ರಕ್ತದಲ್ಲಿ.