ರ‍್ಯಾಕ್ ಬರುವ ಮೊದಲು ಜಾಗ ಸಿದ್ಧವಿರಲಿ

ಪ್ರಶ್ನೆ: ನಮ್ಮ ಕಚೇರಿಗೆ ನೆಟ್‌ವರ್ಕ್ ರ‍್ಯಾಕ್ ಬರಲಿದೆ. ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಇಟ್ಟರೆ ಆಗದೇ?

ಉತ್ತರ: ಆಗಬಹುದು, ಆದರೆ ಅಲ್ಲಿ ಗಾಳಿ ಆಡಬೇಕು. ಸ್ವಿಚ್, ರೂಟರ್‌ಗಳು ಹಗಲಿರುಳು ಬಿಸಿಯಾಗುತ್ತವೆ. ಅವು ಒಳಗೆಳೆಯುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಇನ್ನು ಜಾಗದ ಅಳತೆ: ರ‍್ಯಾಕನ್ನು ‘19 ಇಂಚಿನದು’ ಎನ್ನುತ್ತಾರೆ, ಆದರೆ ಅದು ಒಳಗೆ ಉಪಕರಣ ಕೂರುವ ಅಗಲ ಮಾತ್ರ. ನೆಲದ ಮೇಲೆ ನಿಲ್ಲುವ ರ‍್ಯಾಕಿನ ಹೊರಗಿನ ಅಗಲ ಸಾಮಾನ್ಯವಾಗಿ 600 ಅಥವಾ 800 ಮಿಲಿಮೀಟರ್. ಬಾಗಿಲು ತೆರೆಯಲು, ಹಿಂದೆ ನಿಂತು ಕೇಬಲ್ ಸಿಕ್ಕಿಸಲು ಮುಂದೆಯೂ ಹಿಂದೆಯೂ ಸುಮಾರು ಒಂದು ಮೀಟರ್ ಬಿಡಿ.

ತಾಮ್ರದ ಈಥರ್ನೆಟ್ ಕೇಬಲಿಗೆ 100 ಮೀಟರ್ ಮಿತಿ: ಗೋಡೆಯೊಳಗೆ 90, ಎರಡು ತುದಿಯ ಪ್ಯಾಚ್ ಕಾರ್ಡ್‌ಗಳಿಗೆ 10. ಟೇಪನ್ನು ನೇರವಾಗಿ ಹಿಡಿಯದೆ, ಕೇಬಲ್ ಸೂರಿಗೆ ಹತ್ತಿ ಇಳಿಯುವ ದಾರಿಯನ್ನೇ ಅಳೆಯಿರಿ. ಹೀಗಾಗಿ ರ‍್ಯಾಕಿಗೆ ಕಟ್ಟಡದ ನಡುಭಾಗವೇ ಮೇಲು.

ರ‍್ಯಾಕಿಗೆ ಸರಿಯಾದ ಅರ್ಥಿಂಗ್, ಯುಪಿಎಸ್‌ನಿಂದ ಪ್ರತ್ಯೇಕ ವಿದ್ಯುತ್ ಲೈನ್ ಬೇಕು. ಮೇಲೆ ನೀರಿನ ಪೈಪು ಹಾದುಹೋಗಬಾರದು. ಡ್ರಿಲ್ಲಿಂಗ್, ಪೇಂಟಿಂಗ್ ಮುಗಿಸಿ, ಧೂಳು ತೆಗೆದ ಮೇಲೆಯೇ ಸ್ವಿಚ್ಚಿನ ಪೆಟ್ಟಿಗೆ ಒಡೆಯಿರಿ. ಇಲ್ಲವಾದರೆ ಅದರ ಫ್ಯಾನು ಸಿಮೆಂಟಿನ ಪುಡಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಮೆಟ್ಟಿಲ ಕೆಳಗೆ ಇಷ್ಟೂ ಹೊಂದದಿದ್ದರೆ, ಸಣ್ಣ ಕಚೇರಿಗೆ ಗೋಡೆಗೆ ತೂಗುಹಾಕುವ ರ‍್ಯಾಕ್ ಸಾಕು.