ಫಿರಂಗಿಯ ಗಜ

ಫಿರಂಗಿಯೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ವಿಜಯಪುರದ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ, ಸುಮಾರು 55 ಟನ್ ತೂಕದ ಆ ದೈತ್ಯನ ಬಾಯಲ್ಲಿ ಮನುಷ್ಯನೊಬ್ಬ ನುಸುಳಬಹುದು. ನಾನು ಈಗ ಹೇಳಹೊರಟಿರುವುದಾದರೋ ಅದರ ಮರಿಮಕ್ಕಳೆನ್ನಬಹುದಾದ, ಒಂದು ಮೊಳ ಉದ್ದದ, ಹೆಬ್ಬೆರಳು ಹಿಡಿಸುವಷ್ಟು ಬಾಯುಳ್ಳ ಕಿರುಫಿರಂಗಿಗಳ ವಿಷಯ. ಅದಕ್ಕಿಂತ ಹೆಚ್ಚಾಗಿ, ಅವುಗಳಿಗೆ ಮದ್ದು ತುಂಬುವ ಉಪಕರಣಗಳ ವಿಷಯ.

ಕರಿಮದ್ದಿನ ಫಿರಂಗಿಯನ್ನು ಹವ್ಯಾಸಕ್ಕೆಂದು ಹಾರಿಸುವವರು ಅಮೆರಿಕದಲ್ಲಿ ಬಹು ಮಂದಿ. 1861ರಿಂದ 1865ರವರೆಗಿನ ಅಂತರ್ಯುದ್ಧದ ನೆನಪು ಅಲ್ಲಿ ಇನ್ನೂ ಆರಿಲ್ಲ. 1950ರಲ್ಲಿ ಹುಟ್ಟಿದ ನಾರ್ತ್-ಸೌತ್ ಸ್ಕರ್ಮಿಷ್ ಅಸೋಸಿಯೇಷನ್ ಎಂಬ ಸಂಸ್ಥೆ ವರ್ಜೀನಿಯಾದ ವಿಂಚೆಸ್ಟರ್ ಊರಿನ ಬಳಿ ಆ ಕಾಲದ ಮಾದರಿಯ ಕೋವಿ, ಫಿರಂಗಿಗಳ ಗುರಿಸ್ಪರ್ಧೆ ನಡೆಸುತ್ತದೆ. ದೊಡ್ಡದನ್ನು ಸಾಕಲಾರದವರು ಚಿಕ್ಕದನ್ನು ಇಟ್ಟುಕೊಳ್ಳುತ್ತಾರೆ. ಕೆಲವರು ಗಾಲ್ಫ್ ಚೆಂಡನ್ನೇ ಗುಂಡಾಗಿಸಿಕೊಂಡು ಅದರ 1.68 ಅಂಗುಲದ ಅಳತೆಗೆ ನಳಿಗೆ ಕೊರೆಯಿಸುವುದೂ ಉಂಟು. ನಮ್ಮಲ್ಲಿ 1884ರ ಸ್ಫೋಟಕ ಕಾಯಿದೆಯೂ 1959ರ ಶಸ್ತ್ರ ಕಾಯಿದೆಯೂ ಇರುವುದರಿಂದ ವಾಚಕರಾರೂ ಇದನ್ನು ಹಿತ್ತಲಿನಲ್ಲಿ ಪ್ರಯೋಗಿಸಲು ಹೊರಡಲಾರರೆಂದು ನಂಬಿದ್ದೇನೆ.

ಅಂಗಡಿಯಲ್ಲಿ ಫಿರಂಗಿ ದೊರೆತೀತು, ಅದಕ್ಕೆ ಸರಿಯಾಗಿ ಒಪ್ಪುವ ಸಲಕರಣೆ ದೊರೆಯುವುದು ಕಷ್ಟ. ಒಂದರ ನಳಿಗೆ ಒಂದಂಗುಲ, ಇನ್ನೊಂದರದು ಮುಕ್ಕಾಲು. ಒಂದರ ತಳ ಚಪ್ಪಟೆ, ಇನ್ನೊಂದರದು ಬಟ್ಟಲಿನಂತೆ ಗುಂಡು. ಗುಂಡುತಳದ ನಳಿಗೆಗೆ ಚಪ್ಪಟೆ ತಲೆಯ ಒರಸುಗೋಲನ್ನು ಇಳಿಸಿದರೆ ತಳದ ಮಸಿ ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಬಲ್ಲವರು ತಮ್ಮ ತಮ್ಮ ನಳಿಗೆಯ ಅಳತೆ ತೆಗೆದು, ಗಟ್ಟಿಮರವನ್ನೋ ಹಿತ್ತಾಳೆಯನ್ನೋ ಲೇತಿನಲ್ಲಿ ಕಡೆದು ಮಾಡಿಕೊಳ್ಳುತ್ತಾರೆ, ಇಲ್ಲವೆ ಮಾಡಿಸಿಕೊಳ್ಳುತ್ತಾರೆ. ಕಿಡಿ ಹಾರೀತೆಂಬ ಭಯದಿಂದ ಮದ್ದನ್ನು ಮುಟ್ಟುವ ತುದಿಗೆ ಕಬ್ಬಿಣ ನಿಷಿದ್ಧ.

ಇವುಗಳಲ್ಲಿ ಮುಖ್ಯವಾದದ್ದು ಮದ್ದನ್ನೂ ಗುಂಡನ್ನೂ ತಳಕ್ಕೆ ಒತ್ತುವ ಕೋಲು. ಇದಕ್ಕೆ ನಮ್ಮ ಕೋವಿಯವರು ಹೇಳುವ ಹೆಸರು ಗಜ. ಬಟ್ಟೆ ಅಳೆಯುವ ಗಜವೂ ಇದೇ ಶಬ್ದ. ಪಾರಸಿಯಿಂದ ಎರಡು ಅರ್ಥಗಳನ್ನೂ ಹೊತ್ತು ಬಂದದ್ದು. (ಆನೆಗೂ ಇದಕ್ಕೂ ನಂಟಿಲ್ಲವೆಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ.) ಫಿರಂಗಿಯ ಗಜವೂ ಅಳತೆಗೋಲೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದರ ಮೈಮೇಲೆ ಎರಡು ಗೆರೆಗಳನ್ನು ಕೊರೆದಿರುತ್ತಾರೆ. ನಳಿಗೆ ಬರಿದಾಗಿದ್ದರೆ ಮೊದಲನೆಯ ಗೆರೆ ಬಾಯ ಅಂಚಿಗೆ ಬರುತ್ತದೆ. ಮದ್ದೂ ಗುಂಡೂ ಸರಿಯಾಗಿ ಕುಳಿತಿದ್ದರೆ ಎರಡನೆಯದು. ಎರಡನೆಯ ಗೆರೆಯೂ ಅಂಚಿನಿಂದ ಹೊರಗೇ ನಿಂತಿತೆ? ಗುಂಡು ನಡುದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಮದ್ದಿಗೂ ಗುಂಡಿಗೂ ನಡುವೆ ತೆರಪುಳಿದು ಬೆಂಕಿ ಮುಟ್ಟಿದರೆ ನಳಿಗೆಯೇ ಬಿರಿಯಬಹುದು. ಕಣ್ಣು ಹೋಗಲಾರದ ಕತ್ತಲಿನಲ್ಲಿ ನಡೆದಿರುವುದನ್ನು ಕೋಲಿನ ಮೇಲಣ ಒಂದು ಗೀರು ಹೊರಗಿದ್ದವನಿಗೆ ತಿಳಿಸುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಕೆಂಡದ್ದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಮಿಕ್ಕ ಪಾಲು ಮಸಿ, ಲವಣಗಳಾಗಿ ಉಳಿಯುತ್ತದೆ. ಮದ್ದು ಕಟ್ಟಿದ ಚೀಲದ ಚೂರೊಂದು ಒಳಗೆ ಕನಲುತ್ತಿದ್ದರೆ ಮುಂದಿನ ಮದ್ದು ಬೀಳುತ್ತಲೇ ಸಿಡಿಯುತ್ತದೆ. ಅದಕ್ಕಾಗಿ ಮೊದಲು ಸುರುಳಿಮೊನೆಯ ಕೋಲಿನಿಂದ ಚೂರುಗಳನ್ನು ಕೆರೆದೆಳೆಯುವುದು, ಆಮೇಲೆ ಒದ್ದೆಯ ಒರಸು, ಅನಂತರ ಒಣ ಒರಸು, ಮತ್ತೆ ಕೆಲವು ನಿಮಿಷ ಸುಮ್ಮನೆ ಕಾಯುವುದು. ಮದ್ದನ್ನು ಬುಡ್ಡಿಯಿಂದ ನೇರವಾಗಿ ಸುರಿಯುವಂತಿಲ್ಲ. ಒಂದು ಸಲಕ್ಕೆ ಬೇಕಾದಷ್ಟನ್ನು ಮಾತ್ರ ಅಳೆದು ಹಾಕಬೇಕು. ಸಿಡಿದರೂ ಅಷ್ಟೇ ಸಿಡಿಯಲಿ ಎಂದು.

ಇಲ್ಲಿಯೇ ಚಿಕ್ಕ ಫಿರಂಗಿ ದೊಡ್ಡದಕ್ಕಿಂತ ಕ್ರೂರ. ದೊಡ್ಡದರ ಗಜ ಆಳುದ್ದ. ಹಿಡಿದವನು ಬಾಯಿಂದ ಪಕ್ಕಕ್ಕೆ ಸರಿದು ನಿಲ್ಲಬಲ್ಲ. ಚಿಕ್ಕದಾದಷ್ಟೂ ಗಜ ಗಿಡ್ಡ, ಕೈ ಬಾಯಿಗೆ ಹತ್ತಿರ. ಆಟಿಕೆಯಲ್ಲವೇ ಎಂಬ ಸದರದಿಂದ ಕೋಲಿನ ತುದಿಗೆ ಅಂಗೈಯಿಟ್ಟು ಒತ್ತುವ ಮನಸ್ಸಾಗುತ್ತದೆ. ಆ ಕ್ಷಣದಲ್ಲಿ ಸಿಡಿದರೆ ಕೋಲೇ ಬಾಣವಾಗುತ್ತದೆ. ಫಿರಂಗಿ ಎಷ್ಟು ಪಟ್ಟು ಕಿರಿದೋ ಸಲಕರಣೆಯೂ ಅಷ್ಟೇ ಪಟ್ಟು ಕಿರಿದಾಗಿರಬೇಕೆಂದು ಹಟ ಹಿಡಿಯುವ ಕುಶಲಿಗಳಿದ್ದಾರೆ. ಗಾಜಿನ ಕಪಾಟಿಗೆ ಅದು ಶೋಭೆ, ಬೆಂಕಿಯ ಮುಂದೆ ಅವಿವೇಕ. ಗಜ ಉದ್ದವಿರಲಿ, ನೋಟಕ್ಕೆ ವಿಕಾರವಾದರೂ ಚಿಂತೆಯಿಲ್ಲ. ಅದನ್ನು ಹಿಡಿಯುವುದಕ್ಕೂ ಒಂದು ಕ್ರಮವುಂಟು: ಹೆಬ್ಬೆರಳನ್ನು ಕೋಲಿನ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು. ಕೋಲು ಹಾರಿದರೆ ತಾನೊಂದೇ ಹಾರಿ ಹೋಗಲಿ, ಬೆರಳನ್ನು ಒಯ್ಯದಿರಲಿ.

ಕೆಲವು ನಿಮಿಷ ಕಾಯುವ ಭಾಗ್ಯ ಎಲ್ಲರಿಗೂ ಇಲ್ಲ. ಮೈಸೂರಿನಲ್ಲಿ ವಿಜಯದಶಮಿಯ ದಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವ ಹೊತ್ತಿಗೆ 21 ಕುಶಾಲತೋಪು ಹಾರಬೇಕು. ಗುಂಡಿಲ್ಲ, ಬರಿಯ ಮದ್ದು. ಫಿರಂಗಿಗಳು 7, ಒಂದೊಂದಕ್ಕೂ 3 ಸರದಿ, ಎಲ್ಲವೂ ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ, ಎಂದರೆ ಒಂದು ನಿಮಿಷದೊಳಗೆ. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ದೊರೆಯುವ ಕೆಲವೇ ಕ್ಷಣಗಳಲ್ಲಿ ಬಿಸಿ ನಳಿಗೆಯನ್ನು ಒರಸಿ, ಕಿಡಿ ನಂದಿಸಿ, ಮತ್ತೆ ಮದ್ದಿಡಬೇಕು. ಅದನ್ನು ಮಾಡುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಹಬ್ಬಕ್ಕೆ ಬಹು ದಿನ ಮುಂಚೆಯೇ ಅವರ ಅಭ್ಯಾಸ ಮೊದಲಾಗುತ್ತದೆ. ಆನೆ ಕುದುರೆಗಳನ್ನು ಸದ್ದಿಗೆ ಪಳಗಿಸುವ ತಾಲೀಮು ಅದರ ಮುಂದಿನದು. ಅದಕ್ಕೆ ಮೊದಲು ಒಣ ತಾಲೀಮು. ಆಗ ಮದ್ದೂ ಇಲ್ಲ, ಹೊಗೆಯೂ ಇಲ್ಲ. ತಣ್ಣಗಿನ ಏಳು ನಳಿಗೆಗಳೊಳಕ್ಕೆ ಕೋಲುಗಳು ಇಳಿಯುತ್ತವೆ, ಏಳುತ್ತವೆ, ಮತ್ತೆ ಇಳಿಯುತ್ತವೆ.