ಕೆಂಪುಕಲ್ಲಿನ ಗೋಡೆಗೆ ಕಂಪ್ಯೂಟರಿನ ಲೆಕ್ಕ

ಕಾಸರಗೋಡಿನ ಹೊಸಂಗಡಿ, ಮಂಜೇಶ್ವರ, ಉಪ್ಪಳದ ಕಡೆ ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರಲ್ಲಿ ಅನೇಕರು ತಲಪಾಡಿ ದಾಟಿ ಮಂಗಳೂರಿನ ಆರ್ಕಿಟೆಕ್ಟರ ಕಚೇರಿ ಸೇರುತ್ತಾರೆ. ಅಂಥವರೊಬ್ಬರ ಪ್ರಶ್ನೆ ಹೀಗಿದೆ: "ಆಟೋಕ್ಯಾಡ್‌ನಲ್ಲಿ ವಾರದೊಳಗೆ ಮುಗಿಯುತ್ತಿದ್ದ ಮನೆಯ ನಕ್ಷೆ ರೆವಿಟ್‌ಗೆ ಬಂದ ಮೇಲೆ ಎರಡು ವಾರ ಹಿಡಿಯುತ್ತಿದೆ. ಇದನ್ನು ಮುಂದುವರಿದ ತಂತ್ರಜ್ಞಾನ ಅನ್ನುವುದು ಹೇಗೆ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು 50 ವರ್ಷ ಹಿಂದಕ್ಕೆ ಹೋಗಬೇಕು.

1975ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಈಸ್ಟ್‌ಮನ್ ಆರ್ಕಿಟೆಕ್ಟರ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಕಟ್ಟಡವನ್ನು ಗೆರೆಗಳಲ್ಲಿ ಬಿಡಿಸುವುದನ್ನು ಬಿಟ್ಟು, ಗೋಡೆ, ಬಾಗಿಲು, ಬೀಮ್ ಇವುಗಳ ವಿವರವನ್ನೇ ಕಂಪ್ಯೂಟರಿಗೆ ಕೊಡೋಣ ಎಂಬುದು ಅವರ ವಾದ. ಪ್ಲಾನ್, ಎಲಿವೇಶನ್, ಸೆಕ್ಷನ್ ಎಲ್ಲವೂ ಆ ಒಂದೇ ವಿವರದಿಂದ ಹೊರಡಬೇಕು, ಒಂದು ಕಡೆ ತಿದ್ದಿದರೆ ಎಲ್ಲೆಡೆ ತಿದ್ದಿಕೊಳ್ಳಬೇಕು. ಇಂದು ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎಂದು ಕರೆಯುವ ಇಡೀ ವಿದ್ಯೆಯ ತಿರುಳು ಇಷ್ಟೇ. ಯಕ್ಷಗಾನದಲ್ಲಿ ಭಾಗವತರು ತಾಳ ಬದಲಿಸಿದರೆ ಚೆಂಡೆ, ಮದ್ದಳೆ, ವೇಷಧಾರಿಯ ಹೆಜ್ಜೆ ಎಲ್ಲವೂ ಅದೇ ಕ್ಷಣ ಹೊಸ ತಾಳಕ್ಕೆ ಹೊರಳುತ್ತವೆ. ಚೆಂಡೆಯವರಿಗೊಂದು, ಮದ್ದಳೆಯವರಿಗೊಂದು ಚೀಟಿ ಬರೆದು ಕಳಿಸುವ ಪದ್ಧತಿ ರಂಗಸ್ಥಳದಲ್ಲಿಲ್ಲ. ನಮ್ಮ ಕಟ್ಟಡಗಳು ಮಾತ್ರ ಬಹುಕಾಲ ಚೀಟಿಗಳ ಮೇಲೆಯೇ ಎದ್ದವು: ಆರ್ಕಿಟೆಕ್ಟರದೊಂದು ನಕ್ಷೆ, ಸ್ಟ್ರಕ್ಚರಲ್ ಇಂಜಿನಿಯರದೊಂದು, ಪ್ಲಂಬರನದ್ದು ಅವನ ತಲೆಯೊಳಗೆ.

ಈಸ್ಟ್‌ಮನ್ನರ ಯೋಚನೆ ಸಾಮಾನ್ಯ ಕಚೇರಿಯ ಮೇಜಿಗೆ ಬಂದದ್ದು ಹಂಗೆರಿಯಿಂದ. ಬುಡಾಪೆಸ್ಟ್‌ನಲ್ಲಿ 1982ರಲ್ಲಿ ಗಾಬೊರ್ ಬೊಯಾರ್ ಕಟ್ಟಿದ ಗ್ರಾಫಿಸಾಫ್ಟ್ ಕಂಪನಿ ಮೊದಮೊದಲು ಕೈಗೆತ್ತಿಕೊಂಡದ್ದು ಪಾಕ್ಷ್ ಅಣು ವಿದ್ಯುತ್ ಸ್ಥಾವರದ ಪೈಪುಗಳನ್ನು ಮೂರು ಆಯಾಮದಲ್ಲಿ ಮೂಡಿಸುವ ಕೆಲಸ. ಅದೇ ಕಂಪನಿಯಿಂದ ಆರ್ಕಿಕ್ಯಾಡ್ ಎಂಬ ಬಿಐಎಂ ಸಾಫ್ಟ್‌ವೇರ್ ಹುಟ್ಟಿತು. ಅದೇ ಬಗೆಯ ರೆವಿಟ್ ಬಂದದ್ದು 2000ದಲ್ಲಿ. ಎರಡೇ ವರ್ಷದಲ್ಲಿ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಆರಂಭ ಪೈಪುಗಳಿಂದಲೇ ಆದದ್ದು ಸಹಜ. ಮಹಡಿಯ ಬಚ್ಚಲಿನಿಂದ 110 ಮಿಲಿಮೀಟರಿನ ಪೈಪೊಂದು ಸ್ಲ್ಯಾಬಿನ ಕೆಳಗೆ ಆರು ಮೀಟರ್ ಸಾಗಿ ಹೊರಗೋಡೆ ತಲುಪಬೇಕು ಎನ್ನಿ. ನೀರು ಹರಿಯಲು 60ಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ಕೊನೆಯಲ್ಲಿ ಪೈಪು ಹತ್ತು ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ದಾರಿಯಲ್ಲೊಂದು ಬೀಮ್ ಅಡ್ಡ ಬಂತು. ಕಾಗದದ ನಕ್ಷೆಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಪೈಪು ಒಂದು ಹಾಳೆಯಲ್ಲಿದೆ, ಬೀಮ್ ಇನ್ನೊಂದರಲ್ಲಿದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಪ್ಲಂಬರ್ ಬಂದು ಡ್ರಿಲ್ ಹಿಡಿಯುತ್ತಾನೆ, ಕಂಬಿಗೇ ಪೆಟ್ಟು ಬೀಳುತ್ತದೆ. ಬಿಐಎಂ ಮಾದರಿಯಲ್ಲಿ ಈ ಡಿಕ್ಕಿ ಪಾಯ ತೋಡುವ ಮೊದಲೇ ಪರದೆಯ ಮೇಲೆ ಕಾಣಿಸುತ್ತದೆ. ಇದೊಂದೇ ಲಾಭ ಸಾಕು, ಈ ಸಾಫ್ಟ್‌ವೇರ್ ಕಲಿಯುವುದಕ್ಕೆ.

ಎರಡನೆಯ ಲಾಭ ಲೆಕ್ಕ, ಮತ್ತು ಇಲ್ಲಿ ಕಾಸರಗೋಡಿನ ಕೆಂಪುಕಲ್ಲು ತನ್ನದೇ ಪಾಠ ಹೇಳುತ್ತದೆ. ಸಾಫ್ಟ್‌ವೇರಿನ ಜೊತೆ ಬರುವ ಗೋಡೆಗಳಲ್ಲಿ ಇಟ್ಟಿಗೆ, ಕಾಂಕ್ರೀಟ್, ಗಾಜು ಇವೆ. ಬೇಕಲದ ಕೋಟೆಯಿಂದ ಹಿಡಿದು ನಿನ್ನೆ ಗೃಹಪ್ರವೇಶವಾದ ಮನೆಯವರೆಗೆ ಇಲ್ಲಿ ಬಳಕೆಯಾದ ಕಲ್ಲನ್ನು ನಾವೇ ಸೇರಿಸಬೇಕು. ಕೆಂಪುಕಲ್ಲಿಗೆ ಭಾರತೀಯ ಮಾನಕವಿದೆ, ಐಎಸ್ 3620. ಅದು ಹೇಳುವ ಅಳತೆಗಳಲ್ಲಿ ಒಂದು 390, 190, 190 ಮಿಲಿಮೀಟರ್. ಗಾರೆಯ ಸಂದು ಹತ್ತು ಮಿಲಿಮೀಟರ್ ಹಿಡಿದರೆ ಒಂದು ಚದರ ಮೀಟರ್ ಗೋಡೆಗೆ ಹನ್ನೆರಡೂವರೆ ಕಲ್ಲು. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆಗೆ 375. ಮನೆಯೊಡತಿ "ಇಲ್ಲೊಂದು ಕಿಟಕಿ ಬೇಕು" ಅಂದರೆ, ಒಂದೂವರೆ ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿ ಕೂರಿಸಿದ ಕೂಡಲೇ ಇಪ್ಪತ್ತೆರಡು ಇಪ್ಪತ್ತಮೂರು ಕಲ್ಲು ಪಟ್ಟಿಯಿಂದ ಇಳಿಯುತ್ತವೆ, ಸಾರಣೆಯ ಅಳತೆಯೂ ಇಳಿಯುತ್ತದೆ.

ಆದರೆ ಕೋರೆಯಿಂದ ಬರುವ ಕಲ್ಲು ಮಾನಕ ಓದಿಕೊಂಡು ಬರುವುದಿಲ್ಲ. ಒಂದು ಕೋರೆಯ ಅಳತೆ ಇನ್ನೊಂದರದ್ದಲ್ಲ, ಗಟ್ಟಿತನವೂ ಬೇರೆ. ಲಾರಿಯಿಂದ ಇಳಿಸುವಾಗ ಒಡೆಯುವುದೆಷ್ಟು, ಮೂಲೆ ಕೆತ್ತುವಾಗ ಪೋಲಾಗುವುದೆಷ್ಟು ಎಂಬುದು ಮೇಸ್ತ್ರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆ ತಿಳಿವಳಿಕೆಯನ್ನು ಕೇಳಿ ಪಡೆದು ಮಾದರಿಗೆ ತುಂಬದೆ ಹೋದರೆ 375 ಎಂಬುದು ಬರೀ ಅಂಕಿ.

ಈಗ ಎರಡು ವಾರದ ಪ್ರಶ್ನೆ. ಅಮೆರಿಕದ ಆರ್ಕಿಟೆಕ್ಟ್ ಪ್ಯಾಟ್ರಿಕ್ ಮ್ಯಾಕ್‌ಲೀಮಿ 2004ರ ಸುಮಾರಿಗೆ ಒಂದು ವಕ್ರರೇಖೆ ಬರೆದು ಇದನ್ನೇ ತೋರಿಸಿದರು: ಶ್ರಮ ಕೆಲಸದ ಆರಂಭಕ್ಕೆ ಸರಿಯುತ್ತದೆ, ಅಲ್ಲಿ ತಿದ್ದುವುದು ಅಗ್ಗ. ಗೋಡೆಯ ದಪ್ಪ, ಸಜ್ಜಾದ ಎತ್ತರ, ಮಾಡಿನ ಇಳಿಜಾರು ಇವನ್ನೆಲ್ಲ ಸೈಟಿನಲ್ಲಿ ನಿರ್ಧರಿಸುವ ಬದಲು ಕಚೇರಿಯಲ್ಲೇ ನಿರ್ಧರಿಸಬೇಕಾಗುತ್ತದೆ. ತೊಂದರೆ ಎಂದರೆ, ಶ್ರಮ ಕಚೇರಿಯದ್ದು, ಉಳಿತಾಯ ಮನೆ ಕಟ್ಟುವವರದ್ದು. ಮನೆಯವರು ದುಡ್ಡು ಕೊಡುವುದು ನಕ್ಷೆಗೆ. ಸಣ್ಣ ಕಚೇರಿಗಳು ಸಾಮಗ್ರಿ ಪಟ್ಟಿಗೆ ಬೇರೆ ಶುಲ್ಕ ಕೇಳುವುದೇ ಸರಿ. ಕೊಡುವವರಿಗೂ ಅದರಿಂದ ನಷ್ಟವಿಲ್ಲ.

ನಾಗಪುರ ಮೆಟ್ರೋದಂಥ ಯೋಜನೆಗಳು ಮೂರು ಆಯಾಮದ ಮೇಲೆ ಸಮಯ, ವೆಚ್ಚ ಎಂದು ಇನ್ನೆರಡನ್ನು ಸೇರಿಸಿ ಐದು ಆಯಾಮದ ಬಿಐಎಂ ಬಳಸಿವೆ. ಅಷ್ಟು ದೊಡ್ಡ ಕೆಲಸಕ್ಕೆ ಅದು ಬೇಕು. ಆರು, ಏಳು ಆಯಾಮ ಎಂದು ಕೋರ್ಸು ಮಾರುವ ಜಾಹೀರಾತುಗಳನ್ನು ನಂಬಿ ಹಣ ಕಟ್ಟುವ ಮೊದಲು ಮಾತ್ರ ಎರಡು ಸಲ ಯೋಚಿಸಬೇಕು. ಎರಡಂತಸ್ತಿನ ಮನೆಗೆ ಬೇಕಾದ್ದು ಡಿಕ್ಕಿ ಪತ್ತೆ ಮತ್ತು ಸಾಮಗ್ರಿ ಲೆಕ್ಕ, ಅಷ್ಟೆ.

ದುಬಾರಿ ಲೈಸೆನ್ಸ್ ಇಲ್ಲವೆಂದು ಕಲಿಕೆ ನಿಲ್ಲಬೇಕಿಲ್ಲ. ಐಎಫ್‌ಸಿ ಎಂಬ ಮುಕ್ತ ಫೈಲ್ ನಮೂನೆ 2013ರಿಂದ ಅಂತರರಾಷ್ಟ್ರೀಯ ಮಾನಕ. ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ತೆರೆಯಬಹುದು, ಹೊಸದಾಗಿ ಮಾದರಿಯನ್ನೂ ಕಟ್ಟಬಹುದು. ಕಲಿಯುವವರು ಹತ್ತಿರದ ಕೋರೆಗೆ ಹೋಗಿ ಹತ್ತಿಪ್ಪತ್ತು ಕಲ್ಲು ಅಳೆದು, ಆ ಅಳತೆಯ ಗೋಡೆಯನ್ನು ಮೊದಲು ಮಾಡಿಟ್ಟುಕೊಳ್ಳಲಿ, ಮತ್ತು ಅದನ್ನು ಊರಿನ ಉಳಿದ ಕಚೇರಿಗಳಿಗೂ ಹಂಚಲಿ.